ಮೂರು ಬಸ್ಸು ಬದಲಿಸಿದ ಲಕೋಟೆ

ಸಾಗರಕ್ಕೆ ಸಮೀಪದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ, ಇತಿಹಾಸ ಸಂಶೋಧಕರಾದ ಗುಂಡಾ ಜೋಯಿಸರ ಶ್ರಮದಿಂದ ಒಂದೆಡೆ ಕೂಡಿದ ತಾಳೆಯೋಲೆಗಳನ್ನೂ ಕಾಗದದ ಕಡತಗಳನ್ನೂ ಕಂಡವರಿಗೆ, ಇಂಥ ಗ್ರಂಥಗಳು ಇಂದಿನವರೆಗೆ ಉಳಿದು ಬಂದದ್ದು ಯಾವುದೋ ಒಂದು ಭದ್ರವಾದ ಭಂಡಾರದ ಬಲದಿಂದಲ್ಲ, ಒಬ್ಬರ ಪ್ರತಿಯನ್ನು ನೋಡಿ ಇನ್ನೊಬ್ಬರು ಬರೆದುಕೊಂಡು, ಆ ಪ್ರತಿಯಿಂದ ಮತ್ತೊಬ್ಬರು ನಕಲು ತೆಗೆದು, ಒಂದು ಮನೆಗೆ ಬೆಂಕಿ ಬಿದ್ದರೂ ಇನ್ನೊಂದು ಮನೆಯ ಅಟ್ಟದಲ್ಲಿ ಅದೇ ಗ್ರಂಥ ಉಳಿಯುವಂತೆ ಹರಡಿಕೊಂಡಿದ್ದ ಯಜಮಾನನಿಲ್ಲದ ಬಳಗವೊಂದರ ಬಲದಿಂದ ಎಂಬ ವಿಚಾರ ಹೊಳೆಯದೆ ಇರಲಾರದು. ಲಿಪಿಕಾರರಲ್ಲಿ ಕೆಲವರು ಕೊನೆಯ ಗರಿಯಲ್ಲಿ ತಮ್ಮ ಹೆಸರು, ಊರು, ಸಂವತ್ಸರ, ತಿಥಿಗಳನ್ನು ಬರೆದಿಟ್ಟರು. ಕೆಲವರು ತಮ್ಮ ಗುರುತೇನನ್ನೂ ಬಿಡದೆ ಹೋದರು. ಹೆಸರು ಹೇಳುವುದೂ ಹೇಳದಿರುವುದೂ ಅವರವರ ಇಚ್ಛೆಗೆ ಸೇರಿದ್ದಾಗಿತ್ತು. ಹಾಗೆ ಹೇಳದಿದ್ದ ಮಾತ್ರಕ್ಕೆ ಬರವಣಿಗೆಯ ಕೆಲಸ ನಿಧಾನವಾಗುತ್ತಿರಲಿಲ್ಲ.

ಇಂದು ಆ ಬಳಗದ ರೂಪ ಬದಲಾಗಿದೆ, ಸ್ವಭಾವ ಬದಲಾಗಿಲ್ಲ. ಹೊಸನಗರದ ಕಡೆಯ ಯಾವುದೋ ಹಳ್ಳಿಯ ಗದ್ದೆಬಯಲಿನಲ್ಲಿ ರಾತ್ರಿಯಿಡೀ ನಡೆದ ಯಕ್ಷಗಾನದ ಆಟದ ಒಂದು ಭಾಗವನ್ನು ಯಾರೋ ಮೊಬೈಲಿನಲ್ಲಿ ಹಿಡಿದಿಟ್ಟರೆಂದರೆ, ಚೆಂಡೆಯ ಪೆಟ್ಟು ಕಿವಿಯಿಂದ ಇಳಿಯುವ ಮೊದಲೇ ಅದು ಬ್ಲೂಟೂತಿನಲ್ಲಿ ಪಕ್ಕದವರಿಗೂ, ಪೆನ್‌ಡ್ರೈವಿನಲ್ಲಿ ನೆಂಟರ ಮನೆಗೂ, ಮೆಮೊರಿ ಕಾರ್ಡಿನಲ್ಲಿ ಪೇಟೆಯ ಮೊಬೈಲ್ ಅಂಗಡಿಗೂ ಹೋಗಿರುತ್ತದೆ. 2020ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪುಗಳ ಪಟ್ಟಿಯಲ್ಲಿ ಸೇರಿಹೋದ ಶೇರ್‌ಇಟ್, ಕ್ಸೆಂಡರ್ ಎಂಬೆರಡು ಆ್ಯಪುಗಳು, ಸಿಗ್ನಲ್ ಸಿಗದ ಊರುಗಳಲ್ಲಿ ಅಷ್ಟೊಂದು ಮನೆಮಾತಾಗಿದ್ದುದು ಇಂಟರ್ನೆಟ್ಟಿನ ಹಂಗಿಲ್ಲದೆ ಫೋನಿನಿಂದ ಫೋನಿಗೆ ನೇರವಾಗಿ ಸಾಗಿಸುವ ಅವುಗಳ ಗುಣದಿಂದಲೇ. ಇಲ್ಲಿ ವೇಗವುಂಟು, ಆದರೆ ಮರೆಯೆಂಬುದು ಲೇಶವೂ ಇಲ್ಲ. ಕೊಟ್ಟವನ ಮುಖವನ್ನು ತೆಗೆದುಕೊಂಡವನು ನೋಡುತ್ತಿರುತ್ತಾನೆ. ಇದೇ ವಿನಿಮಯವು ಊರಿನ ಗಡಿಯನ್ನು ದಾಟಿ, ಮುಖ ಕಾಣದವರ ನಡುವೆ ತಂತಿಯ ಮೂಲಕ ನಡೆಯತೊಡಗಿದಾಗ, ಕೊಡುವವನು ಶೀಘ್ರವಾಗಿಯೂ ಕೊಡಬೇಕು, ತಾನಾರೆಂಬುದು ತಿಳಿಯದಂತೆಯೂ ಕೊಡಬೇಕು ಎಂಬ ಎರಡು ಬಯಕೆಗಳು ಒಟ್ಟೊಟ್ಟಿಗೆ ಹುಟ್ಟಿಕೊಂಡವು. ಇವೆರಡೂ ಒಂದೇ ಕಾಲದಲ್ಲಿ ಪೂರ್ಣವಾಗಿ ಈಡೇರುವವೆ ಎಂಬುದು ಕಳೆದ ನಾಲ್ಕು ದಶಕಗಳಿಂದ ಗಣಕಶಾಸ್ತ್ರಜ್ಞರನ್ನು ಕಾಡುತ್ತ ಬಂದಿರುವ ಪ್ರಶ್ನೆ. ಮಲೆನಾಡಿನಲ್ಲಿ ನಿಂತು ನೋಡಿದರೆ ಅದಕ್ಕೆ ಬೇರೊಂದು ತೀಕ್ಷ್ಣತೆ ಒದಗುತ್ತದೆ.

ಮೊದಲು ವೇಗದ ಮಾತು. 1999ರಲ್ಲಿ ಶಾನ್ ಫ್ಯಾನಿಂಗ್ ಎಂಬ ತರುಣ ಹೊರತಂದ ನ್ಯಾಪ್‌ಸ್ಟರ್ ಎಂಬ ವ್ಯವಸ್ಥೆಯಲ್ಲಿ ಹಾಡುಗಳು ಒಬ್ಬರ ಗಣಕದಿಂದ ಇನ್ನೊಬ್ಬರ ಗಣಕಕ್ಕೆ ನೇರವಾಗಿ ಹೋಗುತ್ತಿದ್ದರೂ, ಯಾವ ಹಾಡು ಯಾರ ಬಳಿ ಇದೆ ಎಂಬ ಸೂಚಿ ಮಾತ್ರ ಒಂದೇ ಕೇಂದ್ರದಲ್ಲಿತ್ತು. ಸಂಗೀತೋದ್ಯಮದ ಕಂಪನಿಗಳು ನ್ಯಾಯಾಲಯಕ್ಕೆ ಹೋದ ಮೇಲೆ 2001ರಲ್ಲಿ ಆ ಕೇಂದ್ರವನ್ನು ನಿಲ್ಲಿಸಿದೊಡನೆ ಎಲ್ಲವೂ ನಿಂತುಹೋಯಿತು. ಅದೇ ವರ್ಷ ಬ್ರಾಂ ಕೋಹೆನ್ ರಚಿಸಿದ ಬಿಟ್‌ಟೊರೆಂಟ್ ಎಂಬ ವಿಧಾನ ಬೇರೆ ಹಾದಿ ಹಿಡಿಯಿತು. ಅಲ್ಲಿ ದೊಡ್ಡ ಫೈಲನ್ನು ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸಿ, ಪ್ರತಿಯೊಂದು ತುಣುಕಿಗೂ ಗಣಿತದ ಒಂದು ಮುದ್ರೆಯನ್ನು ಒತ್ತಿಡುತ್ತಾರೆ. ಬೇಕಾದವನು ಒಂದೇ ಕಡೆಯಿಂದ ಇಡಿಯ ಫೈಲನ್ನು ತರಿಸಿಕೊಳ್ಳದೆ, ಹತ್ತಾರು ಮಂದಿಯಿಂದ ಹತ್ತಾರು ತುಣುಕುಗಳನ್ನು ಏಕಕಾಲದಲ್ಲಿ ಪಡೆಯುತ್ತ, ತನಗೆ ದೊರೆತದ್ದನ್ನು ಆ ಕ್ಷಣದಿಂದಲೇ ಇತರರಿಗೆ ಹಂಚತೊಡಗುತ್ತಾನೆ. ಎಲ್ಲಕ್ಕಿಂತ ಅಪರೂಪವಾದ ತುಣುಕನ್ನು ಮೊದಲು ಹುಡುಕುವುದು, ತನಗೆ ಹೆಚ್ಚು ಕೊಡುವವನಿಗೆ ತಾನೂ ಹೆಚ್ಚು ಕೊಡುವುದು, ನಡುನಡುವೆ ಅಪರಿಚಿತನೊಬ್ಬನಿಗೂ ಒಂದು ಅವಕಾಶ ಕೊಟ್ಟು ನೋಡುವುದು, ಇವು ಅದರ ನಿಯಮಗಳು. ಮುದ್ರೆಯ ದೆಸೆಯಿಂದ ತುಣುಕನ್ನು ಯಾರು ಕೊಟ್ಟರೂ ಅದು ನಿಜವಾದದ್ದೇ ಎಂದು ಪರೀಕ್ಷಿಸಬಹುದು; ಆದಕಾರಣ ಕೊಟ್ಟವನನ್ನು ನಂಬಬೇಕಾದ ಅಗತ್ಯವೇ ಇಲ್ಲ. ಕೇಂದ್ರದಿಂದ ಎಲ್ಲರೂ ತರಿಸಿಕೊಳ್ಳುವಾಗ ಜನ ಹೆಚ್ಚಿದಷ್ಟೂ ಪ್ರತಿಯೊಬ್ಬನ ಪಾಲು ಕುಗ್ಗುತ್ತದೆ; ಇಲ್ಲಿಯಾದರೋ ಜನ ಹೆಚ್ಚಿದಷ್ಟೂ ಕೊಡುವ ಕೈಗಳೂ ಹೆಚ್ಚುತ್ತವೆ. ಮನುಷ್ಯಬುದ್ಧಿ ಈ ಕಾಲದಲ್ಲಿ ಕಂಡುಹಿಡಿದ ಸುಂದರವಾದ ಉಪಾಯಗಳಲ್ಲಿ ಇದೊಂದೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಆದರೆ ಆ ಉಪಾಯದ ಬೆಲೆಯೂ ಅದರ ರಚನೆಯಲ್ಲಿಯೇ ಅಡಗಿದೆ. ನೇರವಾಗಿ ಕೊಡಬೇಕಾದರೆ ವಿಳಾಸ ಗೊತ್ತಿರಬೇಕು. ಒಂದು ಟೊರೆಂಟಿನಲ್ಲಿ ಸೇರಿಕೊಂಡ ಪ್ರತಿಯೊಬ್ಬನ ಐಪಿ ವಿಳಾಸವೂ ಅದರಲ್ಲಿ ಸೇರಿಕೊಂಡ ಇತರರಿಗೆಲ್ಲ ತೆರೆದ ಪುಸ್ತಕ. ಕೇಳಿದವರಿಗೆಲ್ಲ ಆ ಪಟ್ಟಿ ದೊರೆಯುತ್ತದೆ, ಕೇಳುವವನು ಫೈಲಿನ ಆಸೆಯಿಂದ ಬಂದವನೋ ಪಟ್ಟಿಯ ಆಸೆಯಿಂದ ಬಂದವನೋ ಎಂದು ಯಾರೂ ವಿಚಾರಿಸುವುದಿಲ್ಲ. ನಮ್ಮ ಮೊಬೈಲ್ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಹಲವಾರು ಗ್ರಾಹಕರನ್ನು ಕೂರಿಸುವುದರಿಂದ, ಜನರ ಗುಂಪಿನಲ್ಲಿ ತಾನು ಮರೆಯಾಗಿದ್ದೇನೆ ಎಂಬ ಭಾವನೆ ಬಳಕೆದಾರನಿಗೆ ಬರುವುದುಂಟು, ಅದು ಭ್ರಾಂತಿ. ಯಾವ ಹೊತ್ತಿನಲ್ಲಿ ಯಾವ ಗ್ರಾಹಕ ಯಾವ ವಿಳಾಸವನ್ನು ಬಳಸಿದನೆಂಬ ದಾಖಲೆ ಕಂಪನಿಯಲ್ಲಿ ಇರತಕ್ಕದ್ದೇ. ಆ ಏರ್ಪಾಡಿನಿಂದ ಗ್ರಾಹಕನಿಗೆ ದೊರೆಯುವುದು ಮರೆಯಲ್ಲ, ಮಂದಗತಿ: ಹೊರಗಿನವರು ತಾವಾಗಿ ಬಂದು ಸಂಪರ್ಕಿಸಲು ಅವನಿಗೆ ಸ್ವಂತದ್ದೆನ್ನುವ ಬಾಗಿಲೇ ಇಲ್ಲವಾದ್ದರಿಂದ, ಸಾಗರದ ಒಂದು ಫೋನೂ ಹೊಸನಗರದ ಒಂದು ಫೋನೂ ಪರಸ್ಪರ ತುಣುಕು ಹಂಚಿಕೊಳ್ಳುವುದು ಎಷ್ಟೋ ವೇಳೆ ಕಷ್ಟವಾಗುತ್ತದೆ.

ಇನ್ನು ಮರೆಯ ಮಾತು. ಘಟ್ಟದ ಸೀಮೆಯಲ್ಲಿ ಅಂಚೆಗೆ ಕಾಯಲಾಗದ ಕಾಗದವನ್ನು ಬಸ್ಸಿನಲ್ಲಿ ಕೊಟ್ಟು ಕಳಿಸುವ ವಾಡಿಕೆ ಎಲ್ಲರಿಗೂ ತಿಳಿದದ್ದು. ಸಾಗರದ ಒಬ್ಬರು ಆಗುಂಬೆಯ ಒಬ್ಬರಿಗೆ ಲಕೋಟೆಯೊಂದನ್ನು ಮುಟ್ಟಿಸಬೇಕೆಂದೂ, ಕಳಿಸಿದವರು ಯಾರೆಂಬುದು ದಾರಿಯಲ್ಲಿ ಯಾರಿಗೂ ಪೂರ್ತಿಯಾಗಿ ತಿಳಿಯಬಾರದೆಂದೂ ಭಾವಿಸೋಣ. ಅವರು ಒಂದರೊಳಗೊಂದಾಗಿ ಮೂರು ಲಕೋಟೆಗಳನ್ನು ಮಾಡಿ, ಹೊರಗಿನದನ್ನು ಹೊಸನಗರಕ್ಕೆ ಹೋಗುವ ಬಸ್ಸಿನ ಕಂಡಕ್ಟರ ಕೈಯಲ್ಲಿಡುತ್ತಾರೆ. ಆತ ಹೊಸನಗರದಲ್ಲಿ ಹೊರಲಕೋಟೆಯನ್ನು ಹರಿದರೆ, ಒಳಗಿನದನ್ನು ತೀರ್ಥಹಳ್ಳಿಯ ಬಸ್ಸಿಗೆ ಕೊಡಬೇಕೆಂಬುದಷ್ಟೇ ಗೊತ್ತಾಗುತ್ತದೆ. ತೀರ್ಥಹಳ್ಳಿಯಲ್ಲಿ ಎರಡನೆಯ ಲಕೋಟೆ ಹರಿದಾಗ, ಆಗುಂಬೆಯ ಬಸ್ಸಿಗೆ ಕೊಡಬೇಕೆಂಬುದಷ್ಟೇ. ಮೊದಲನೆಯ ಕಂಡಕ್ಟರಿಗೆ ಕೊಟ್ಟವರ ಮುಖ ಗೊತ್ತು, ಸೇರುವ ಮನೆ ಗೊತ್ತಿಲ್ಲ. ಮೂರನೆಯವರಿಗೆ ಮನೆ ಗೊತ್ತು, ಕೊಟ್ಟವರು ಗೊತ್ತಿಲ್ಲ. ನಡುವಿನವರಿಗೆ ಎರಡೂ ಗೊತ್ತಿಲ್ಲ. ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ 1990ರ ದಶಕದ ಮಧ್ಯಭಾಗದಲ್ಲಿ ರೂಪುಗೊಂಡು, 2002ರಲ್ಲಿ ಟಾರ್ ಎಂಬ ಹೆಸರಿನಿಂದ ಬಳಕೆಗೆ ಬಂದ ಜಾಲ ಮಾಡುವುದು ಇದನ್ನೇ. ಲೋಕದ ನಾನಾ ದೇಶಗಳ ಸ್ವಯಂಸೇವಕರು ನಡೆಸುವ, ರಿಲೇ ಎಂಬ ಸಾವಿರಾರು ನಡುವಣ ಗಣಕಗಳಲ್ಲಿ ಮೂರನ್ನು ಆರಿಸಿಕೊಂಡು, ಗೂಢಲಿಪಿಯ ಮೂರು ಪದರಗಳಲ್ಲಿ ಸುತ್ತಿದ ಮಾತನ್ನು ಅದು ಒಂದರಿಂದೊಂದಕ್ಕೆ ಸಾಗಿಸುತ್ತದೆ; ಎಲ್ಲ ಲಕೋಟೆಗಳೂ ಒಂದೇ ಅಳತೆಯಲ್ಲಿ ಕಾಣಬೇಕೆಂದು ಮಾತನ್ನು ಸಮಗಾತ್ರದ ತುಂಡುಗಳಾಗಿಯೇ ಕಳಿಸುತ್ತದೆ.

ನೇರವಾಗಿ ಮೋಟಾರ್‌ಬೈಕಿನಲ್ಲಿ ಹೋಗಿ ಕೊಟ್ಟು ಬರುವವನಿಗಿಂತ ಈ ಲಕೋಟೆ ತಡವಾಗಿ ಮುಟ್ಟುವುದೆಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ವಿಷಯ ಅಷ್ಟಕ್ಕೇ ಮುಗಿಯುವುದೂ ಇಲ್ಲ. ಸಾಗರದ ನಿಲ್ದಾಣದಲ್ಲಿ ಒಬ್ಬ, ಆಗುಂಬೆಯಲ್ಲಿ ಒಬ್ಬ, ಹೀಗೆ ಇಬ್ಬರು ಗಡಿಯಾರ ಹಿಡಿದು ನಿಂತುಬಿಟ್ಟರೆ, ಲಕೋಟೆಯ ಒಳಗನ್ನು ನೋಡದೆಯೇ, ಇಲ್ಲಿ ಹೊರಟ ಹೊತ್ತಿಗೂ ಅಲ್ಲಿ ಮುಟ್ಟಿದ ಹೊತ್ತಿಗೂ ತಾಳೆ ಹಾಕಿ, ಇದೇ ಅದು ಎಂದು ಊಹಿಸಬಲ್ಲರು. ಬಸ್ಸುಗಳು ಸಮಯಕ್ಕೆ ಸರಿಯಾಗಿ ಓಡಿದಷ್ಟೂ ಅವರ ಊಹೆ ಸುಲಭವಾಗುತ್ತದೆ. ಈ ಅಪಾಯವನ್ನು ಅಂತರಜಾಲ ಜನಸಾಮಾನ್ಯರನ್ನು ಮುಟ್ಟುವ ಎಷ್ಟೋ ಮೊದಲೇ, 1981ರಲ್ಲಿ, ಡೇವಿಡ್ ಚೌಮ್ ಎಂಬ ವಿದ್ವಾಂಸ ಕಂಡಿದ್ದ. ಅವನು ಸೂಚಿಸಿದ ಪರಿಹಾರವೆಂದರೆ, ಬಂದ ಲಕೋಟೆಯನ್ನು ಒಡನೆಯೇ ಮುಂದಕ್ಕೆ ಕಳಿಸದೆ, ಒಂದು ಚೀಲ ತುಂಬುವಷ್ಟು ಲಕೋಟೆಗಳು ಕೂಡುವ ತನಕ ತಡೆದು, ಅವನ್ನು ಚೆನ್ನಾಗಿ ಕಲಸಿ, ಬಂದ ಅನುಕ್ರಮವೇ ಗುರುತಿಲ್ಲದಂತೆ ಒಟ್ಟಿಗೆ ಹೊರಡಿಸುವುದು. ಚೀಲ ತುಂಬದಿದ್ದರೆ ಖಾಲಿ ಲಕೋಟೆಗಳನ್ನು ಹಾಕಿಯಾದರೂ ತುಂಬಿಸಬಹುದು. ಆದರೆ ಅದಕ್ಕೂ ಬಸ್ಸಿನಲ್ಲಿ ಜಾಗ ಬೇಕು. ಹೀಗೆ ಮರೆಯೆಂಬುದನ್ನು ಕೊಳ್ಳಲು ಚಲಾವಣೆಯಲ್ಲಿರುವ ನಾಣ್ಯಗಳು ಎರಡೇ: ಒಂದು ವಿಳಂಬ, ಇನ್ನೊಂದು ವ್ಯರ್ಥಭಾರ. 2018ರಲ್ಲಿ ದೇಬಜ್ಯೋತಿ ದಾಸ್, ಅನಿಕೇತ್ ಕಾಟೆ ಮತ್ತು ಇನ್ನಿಬ್ಬರು ಸಂಶೋಧಕರು ಸೇರಿ ಇದನ್ನು ಗಣಿತದ ರೀತಿಯಿಂದ ಸಾಧಿಸಿ ತೋರಿಸಿದರು. ದೃಢವಾದ ಅನಾಮಿಕತೆ, ಅಲ್ಪವಾದ ವಿಳಂಬ, ಅಲ್ಪವಾದ ಅಧಿಕಭಾರ, ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು. ಮೂರನ್ನೂ ಒಟ್ಟಿಗೆ ಪಡೆಯುವ ಯಾವ ಯಂತ್ರವನ್ನೂ ಯಾರೂ ಕಟ್ಟಲಾರರು. ಟಾರ್ ಆರಿಸಿಕೊಂಡದ್ದು ಅಲ್ಪ ವಿಳಂಬವನ್ನು. ಆದ್ದರಿಂದಲೇ ಎರಡು ತುದಿಗಳನ್ನೂ ಕಾಯಬಲ್ಲ ಪ್ರಬಲನ ಎದುರಿಗೆ ತಾನು ಪೂರ್ಣ ರಕ್ಷಣೆ ಕೊಡಲಾರೆನೆಂದು ಅದನ್ನು ಕಟ್ಟಿದವರು ಮೊದಲಿನಿಂದಲೂ ಹೇಳುತ್ತ ಬಂದಿದ್ದಾರೆ.

ಫೈಲು ಹಂಚುವವರು ಈ ಟಾರ್ ಜಾಲದ ಮೇಲೆಯೇ ಟೊರೆಂಟನ್ನು ಹತ್ತಿಸಿದರೆ ಎರಡೂ ಲಾಭ ದೊರೆಯುವುದೆಂದು ಎಣಿಸಿದ್ದುಂಟು. ಅದರಿಂದ ಎರಡು ವಿಧದ ಹಾನಿಯಾಯಿತು. ಬಿಟ್‌ಟೊರೆಂಟಿನ ಎಷ್ಟೋ ತಂತ್ರಾಂಶಗಳು ಲಕೋಟೆಯ ಒಳಗಿನ ಕಾಗದದಲ್ಲಿ ತಮ್ಮ ನಿಜವಾದ ವಿಳಾಸವನ್ನೇ ಬರೆದು ಕಳಿಸುತ್ತಿದ್ದವು. ಟಾರ್ ಸಾಗಿಸಲಾರದ ಬಗೆಯ ಸಂದೇಶಗಳನ್ನು ಅದರ ಹೊರಗಿನ ನೇರ ದಾರಿಯಲ್ಲಿಯೇ ಕಳಿಸುತ್ತಿದ್ದವು. ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಸಂಶೋಧಕರು ಆರು ರಿಲೇಗಳನ್ನು 23 ದಿವಸ ನಡೆಸಿ, ಈ ದಾರಿಯಿಂದ ಸುಮಾರು 10,000 ಬಳಕೆದಾರರ ವಿಳಾಸಗಳನ್ನು ಹೊರಗೆಡಹಿದುದನ್ನು 2011ರಲ್ಲಿ ಪ್ರಕಟಿಸಿದರು. ಎರಡನೆಯ ಹಾನಿ ಪರರಿಗೆ ತಟ್ಟುವಂಥದು. ಟಾರ್ ಜಾಲದ ರಿಲೇಗಳು ಸ್ವಯಂಸೇವಕರ ದಾನ. ತನ್ನ ಒಂದು ಸಿನಿಮಾಕ್ಕಾಗಿ ಮೂರು ಜನರ ತಂತಿಯನ್ನು ತುಂಬಿಬಿಡುವವನು, ಅದೇ ತಂತಿಯಲ್ಲಿ ನಾಲ್ಕು ಸಾಲಿನ ಸುದ್ದಿಯನ್ನು ಕಳಿಸಲು ಹೆಣಗುತ್ತಿರುವ ಯಾರದೋ ಹಾದಿಯನ್ನು ಕಟ್ಟಿಹಾಕುತ್ತಾನೆ. ಇದನ್ನು ನಾನು ಅವಿವೇಕವೆಂದಷ್ಟೇ ಅಲ್ಲ, ಅನ್ಯಾಯವೆಂದೂ ಎಣಿಸುತ್ತೇನೆ.

ಈ ಅನ್ಯಾಯಕ್ಕೆ ಅವಕಾಶವಿಲ್ಲದಂತೆ ರಚಿತವಾದದ್ದು 2003ರಲ್ಲಿ ಆರಂಭವಾದ ಐ2ಪಿ ಎಂಬ ಜಾಲ. ಅಲ್ಲಿ ಪ್ರಯಾಣಿಕರೂ ಕಂಡಕ್ಟರುಗಳೂ ಬೇರೆ ಬೇರೆಯಲ್ಲ; ಸೇರಿಕೊಂಡವರೆಲ್ಲ ಸಾಮಾನ್ಯವಾಗಿ ಇತರರ ಲಕೋಟೆಗಳನ್ನೂ ಹೊರುತ್ತಾರೆ, ಆ ಹೊರೆಯೇ ಅವರ ಸ್ವಂತ ಲಕೋಟೆಗಳಿಗೆ ಮರೆಯಾಗುತ್ತದೆ. ಟೊರೆಂಟಿಗೆ ಬೇಕಾದ ತಂತ್ರಾಂಶವೂ ಅದರೊಡನೆಯೇ ಬರುತ್ತದೆ. ಕಳಿಸುವವನ ಕಡೆ ಮೂವರು, ಪಡೆಯುವವನ ಕಡೆ ಮೂವರು, ಒಟ್ಟು ಆರು ಮಂದಿ ನಡುವೆ ನಿಂತರೆ ಆಗುವುದೇನೆಂಬುದನ್ನು ಲೆಕ್ಕ ಹಾಕಿ ನೋಡೋಣ. 700 ಎಂಬಿ ಗಾತ್ರದ ಒಂದು ಚಿತ್ರವೆಂದರೆ 5600 ಮೆಗಾಬಿಟ್ಟುಗಳು. ಬಳಗದ ಪ್ರತಿಯೊಬ್ಬನೂ ಸೆಕೆಂಡಿಗೆ 1 ಮೆಗಾಬಿಟ್ಟಿನಷ್ಟು ಕೊಡಬಲ್ಲವನಾದರೆ, ನೇರ ವಿನಿಮಯದಲ್ಲಿ ಎಲ್ಲರೂ ಕೊಟ್ಟದ್ದರ ಮೊತ್ತವೇ ಎಲ್ಲರೂ ಪಡೆದದ್ದರ ಮೊತ್ತವಾದ್ದರಿಂದ, ಚಿತ್ರವು ಸರಾಸರಿ ಒಂದೂವರೆ ಗಂಟೆಯಲ್ಲಿ ಬಂದು ಸೇರುತ್ತದೆ. ಆರು ಮಂದಿ ನಡುವೆ ನಿಂತಾಗ ಅದೇ ತುಣುಕನ್ನು ಬಳಗ ಏಳು ಸಲ ಹೊರಬೇಕು; ಹೊರುವ ಶಕ್ತಿಯೆಲ್ಲ ಅದೇ ಬಳಗದ್ದು; ಆದ್ದರಿಂದ ಒಬ್ಬೊಬ್ಬನಿಗೆ ದಕ್ಕುವುದು ಏಳನೆಯ ಒಂದು ಪಾಲು, ಚಿತ್ರ ಬಂದು ಸೇರುವುದು ಸುಮಾರು 11 ಗಂಟೆಗಳ ಮೇಲೆ. ಯಾವ ಜಾಣ್ಮೆಯಿಂದಲೂ ಈ ಭಾಗಾಕಾರವನ್ನು ತಪ್ಪಿಸಲಾಗದು. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಓದಿದ ಇಯಾನ್ ಕ್ಲಾರ್ಕ್ 2000ದಲ್ಲಿ ಹೊರತಂದ ಫ್ರೀನೆಟ್ ಎಂಬುದು, ಫೈಲಿನ ಗೂಢಲಿಪಿಯ ಚೂರುಗಳನ್ನು ಅಪರಿಚಿತರ ಡಿಸ್ಕುಗಳಲ್ಲಿ ಚದುರಿಸಿ, ಇಟ್ಟವನ ಗಣಕ ಆರಿದ ಮೇಲೂ ಇಟ್ಟದ್ದು ದೊರೆಯುವಂತೆ ಮಾಡಿ, ವಿಳಂಬದ ಕಾಟವನ್ನು ಒಂದು ಬಗೆಯಿಂದ ಹಗುರ ಮಾಡಲು ನೋಡಿತು. ಆದರೆ ಬಹುಕಾಲ ಯಾರೂ ಕೇಳದ ಚೂರುಗಳು ಅಲ್ಲಿ ಕ್ರಮೇಣ ಅಳಿಸಿಹೋಗುತ್ತವೆ.

ಲೆಕ್ಕ ಇಲ್ಲಿಗೆ ಬಂದಾಗಲೇ ಮಲೆನಾಡು ನೆನಪಾಗುವುದು. ಏಳರಿಂದ ಭಾಗಿಸುವುದು ಎಲ್ಲರಿಗೂ ಸಮಾನವೆಂದು ಕಾಗದದ ಮೇಲೆ ತೋರುತ್ತದೆ. ಬೆಂಗಳೂರಿನಲ್ಲಿ ಸೆಕೆಂಡಿಗೆ 100 ಮೆಗಾಬಿಟ್ಟಿನ ಫೈಬರ್ ಸಂಪರ್ಕವುಳ್ಳವನಿಗೆ ಏಳನೆಯ ಒಂದು ಪಾಲು ದಕ್ಕಿದರೂ ಅವನ ಕೆಲಸ ಸಾಗುತ್ತದೆ. ಒಂದು ಮೆಗಾಬಿಟ್ಟೂ ನೆಟ್ಟಗೆ ಸಿಗದವನಿಗೆ ಏಳನೆಯ ಒಂದು ಪಾಲೆಂದರೆ ಬಾಗಿಲು ಮುಚ್ಚಿದಂತೆಯೇ. ಶರಾವತಿಯ ಹಿನ್ನೀರು ಸುತ್ತುವರಿದ ಕರೂರು ಹೋಬಳಿಯ ಊರುಗಳಲ್ಲಾಗಲಿ, ಹೊಸನಗರದ ಕಾಡಂಚಿನ ಮಜಿರೆಗಳಲ್ಲಾಗಲಿ, ಆಗುಂಬೆಯ ಸುತ್ತಿನ ಕಣಿವೆಗಳಲ್ಲಾಗಲಿ, ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿ ಪಾಠ ಮೊಬೈಲಿಗೆ ಬಂದಾಗ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಛತ್ರಿಯ ಕೆಳಗೆ ಕುಳಿತು ಓದಿದ್ದನ್ನೂ, ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲವೆಂದು ಹಳ್ಳಿಗರು ಫಲಕ ಹಿಡಿದದ್ದನ್ನೂ ಮಲೆನಾಡು ಮರೆತಿಲ್ಲ. ಅಂಥ ಕಡೆ ಅನಾಮಿಕತೆಯು ಹಕ್ಕೆಂದು ಉಪದೇಶಿಸುವುದು ಸುಲಭ. ಆ ಹಕ್ಕಿನ ಸುಂಕವನ್ನು ತೆರುವಷ್ಟು ತಂತಿಯನ್ನು ಮೊದಲು ಎಳೆಯಬೇಕು.

ಸುಂಕ ತೆರಲಾರದವರು ಹಿಡಿಯುವ ಮಧ್ಯಮಮಾರ್ಗ ವಿಪಿಎನ್ ಎಂಬುದು. ಇಲ್ಲಿ ಕಂಡಕ್ಟರು ಒಬ್ಬರೇ. ಲಕೋಟೆ ಬೇಗ ಮುಟ್ಟುತ್ತದೆ, ಟೊರೆಂಟಿನ ಇತರ ಸದಸ್ಯರಿಗೆ ಕಾಣುವುದು ವಿಪಿಎನ್ ಕಂಪನಿಯ ವಿಳಾಸವೇ ಹೊರತು ಬಳಕೆದಾರನದಲ್ಲ. ಆದರೆ ಆ ಒಬ್ಬ ಕಂಡಕ್ಟರಿಗೆ ಕೊಟ್ಟವರೂ ಗೊತ್ತು, ಪಡೆದವರೂ ಗೊತ್ತು. ಇದು ಮರೆಯಲ್ಲ, ವಿಶ್ವಾಸವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಿಡುವುದಷ್ಟೇ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ ನಿರ್ದೇಶನವು ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ ಮುಂತಾದ ವಿವರಗಳನ್ನು 5 ವರ್ಷ ಕಾಪಾಡಿಡಬೇಕೆಂದು ವಿಧಿಸಿತು. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಮುಂತಾದವು ಅದನ್ನೊಪ್ಪದೆ ಭಾರತದೊಳಗಿದ್ದ ತಮ್ಮ ಸರ್ವರುಗಳನ್ನೇ ತೆಗೆದುಬಿಟ್ಟವು. ಅಂದಿನಿಂದ ಸಾಗರದ ಬಳಕೆದಾರನ ಲಕೋಟೆ ಸಿಂಗಪುರವನ್ನೋ ಲಂಡನ್ನನ್ನೋ ಸುತ್ತಿ ಬರತೊಡಗಿತು. ಒಂದೇ ಕಂಡಕ್ಟರಿದ್ದರೂ ಹಾದಿ ಉದ್ದವಾಯಿತು.

ಇಷ್ಟರ ಮೇಲೆ ಇನ್ನೊಂದು ಸಂಗತಿ ಇದೆ. ನನ್ನ ಮಟ್ಟಿಗೆ ಇಡೀ ವಿಚಾರದ ತಿರುಳು ಅದೇ. 2013ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಬಾಂಬಿನ ಬೆದರಿಕೆಯ ಪತ್ರವೊಂದು ಟಾರ್ ಮೂಲಕ ಬಂದಿತು. ತನಿಖೆ ನಡೆಸಿದವರು ಆ ಮೂರು ಪದರಗಳ ಗೂಢಲಿಪಿಯನ್ನು ಭೇದಿಸಲು ಹೋಗಲೇ ಇಲ್ಲ. ಆ ಹೊತ್ತಿನಲ್ಲಿ ವಿಶ್ವವಿದ್ಯಾನಿಲಯದ ವೈಫೈಯಿಂದ ಟಾರ್ ಬಳಸುತ್ತಿದ್ದವರು ಯಾರು ಎಂದು ನೋಡಿದರು. ಹಾಗೆ ಬಳಸಿದವರು ಕೆಲವರೇ ಆಗಿದ್ದರಿಂದ ಪರೀಕ್ಷೆ ತಪ್ಪಿಸಿಕೊಳ್ಳಲೆಂದು ಅದನ್ನು ಬರೆದಿದ್ದ ವಿದ್ಯಾರ್ಥಿ ಸಿಕ್ಕಿಬಿದ್ದ. ಆತ ಸಿಕ್ಕಿದ್ದು ನ್ಯಾಯವೇ. ಆದರೆ ಸಿಕ್ಕಿದ ಬಗೆ ಯೋಚಿಸತಕ್ಕದ್ದು. ಅನಾಮಿಕತೆ ಯಂತ್ರದ ಗುಣವಲ್ಲ, ಗುಂಪಿನ ಗುಣ. ಟಾರ್ ಕಟ್ಟಿದವರಲ್ಲಿ ಇಬ್ಬರಾದ ರೋಜರ್ ಡಿಂಗಲ್‌ಡೈನ್ ಮತ್ತು ನಿಕ್ ಮ್ಯಾಥ್ಯೂಸನ್ 2006ರಲ್ಲಿ ಒಂದು ಪ್ರಬಂಧವನ್ನೇ ಬರೆದು ಇದನ್ನು ಪ್ರತಿಪಾದಿಸಿದ್ದರು. ಹಾರ್ವರ್ಡಿನಂಥ ದೊಡ್ಡ ವಿದ್ಯಾಸಂಸ್ಥೆಯಲ್ಲಿಯೇ ಹೀಗಾದರೆ, ಇಡೀ ಊರಿಗೆ ಒಂದೇ ಟವರ್ ಇರುವ, ಆ ಟವರಿನ ಕೆಳಗೆ ಅಂದು ರಾತ್ರಿ ಟಾರ್ ತೆರೆದವನು ಒಬ್ಬನೇ ಇರುವ ಹಳ್ಳಿಯ ಪಾಡೇನು? ಅವನು ಬರೆದದ್ದೇನೆಂದು ಯಾರಿಗೂ ತಿಳಿಯದಿರಬಹುದು. ಬರೆದವನು ಅವನೇ ಎಂಬುದು ಬರೆಯುವ ಮುನ್ನವೇ ತಿಳಿದಿರುತ್ತದೆ. ಹಳ್ಳಿಯವನಿಗೆ ವೇಗವೂ ಇಲ್ಲ. ವೇಗವನ್ನು ತ್ಯಾಗ ಮಾಡಿದರೆ ಸಿಗಬೇಕಾದ ಮರೆಯೂ ಇಲ್ಲ.

ಹಾಗಾದರೆ ಯಾವುದನ್ನು ಮರೆಯಲ್ಲಿ ಕಳಿಸಬೇಕು, ಯಾವುದನ್ನು ಬಯಲಿನಲ್ಲಿ? ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಈ ಮೂರು ತಾಲ್ಲೂಕುಗಳ ಚರಿತ್ರೆ ಇಲ್ಲಿ ಸ್ವಲ್ಪ ಬೆಳಕು ಕೊಡುತ್ತದೆ. 1951ರ ಏಪ್ರಿಲಿನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು, ಗೇಣಿಯ ಭತ್ತವನ್ನಳೆಯುವ ಕೊಳಗದ ಅನ್ಯಾಯದಿಂದ ಮೊದಲಾದ ಜಗಳವನ್ನು ಸತ್ಯಾಗ್ರಹವನ್ನಾಗಿ ಬೆಳೆಸಿ, ತಮ್ಮ ಮುಂದಾಳು ಎಚ್. ಗಣಪತಿಯಪ್ಪನವರೊಡನೆಯೂ ಸಮಾಜವಾದಿಗಳೊಡನೆಯೂ ಗದ್ದೆಗಿಳಿದಾಗ, ಯಾರೂ ಮುಖ ಮುಚ್ಚಿಕೊಳ್ಳಲಿಲ್ಲ. ಅದೇ ವರ್ಷ ಬಂದು ಸೇರಿದ ರಾಮಮನೋಹರ ಲೋಹಿಯಾ ಅವರೂ ಹೆಸರು ಹೇಳಿಯೇ ಬಂಧನಕ್ಕೊಳಗಾದರು. ಅಲ್ಲಿ ಹೆಸರೇ ಆಯುಧವಾಗಿತ್ತು. ಇಪ್ಪತ್ನಾಲ್ಕು ವರ್ಷಗಳ ಮೇಲೆ ತುರ್ತುಪರಿಸ್ಥಿತಿ ಬಂದು, ಪತ್ರಿಕೆಗಳು ಸೆನ್ಸಾರಿಗೆ ಒಳಪಟ್ಟು, ವಿಚಾರಣೆಯಿಲ್ಲದೆ ಸೆರೆಗೆ ಹಾಕುವ ಅಧಿಕಾರ ಸರ್ಕಾರದ ಕೈಗೆ ಬಂದಾಗ, ನಾಡಿನಲ್ಲೆಲ್ಲ ಹೆಸರಿಲ್ಲದ ಹಾಳೆಗಳು ಕೈಯಿಂದ ಕೈಗೆ ಗುಟ್ಟಾಗಿ ಹರಿದಾಡಬೇಕಾಯಿತು. ಅಲ್ಲಿ ಹೆಸರು ಹೇಳುವುದೆಂದರೆ ಹಾಳೆಯ ಓಟವನ್ನು ನಿಲ್ಲಿಸುವುದೇ ಆಗಿತ್ತು. ಎರಡೂ ಧೈರ್ಯದ ಕೆಲಸವೇ. ಯಾವುದು ಎಂದಿಗೆ ಎಂಬ ವಿವೇಚನೆ ಜನರದು. ಅದನ್ನು ಯಂತ್ರಕ್ಕೆ ವಹಿಸಲಾಗದು.

ಹೆಸರು ಮರೆಸಿಕೊಂಡದ್ದಕ್ಕೆಲ್ಲ ಆ ಗೌರವ ಸಲ್ಲದೆಂಬುದನ್ನೂ ಹೇಳಬೇಕು. ತೀರ್ಥಹಳ್ಳಿಯ ಕುಪ್ಪಳ್ಳಿಯ ಕುವೆಂಪು ಅವರು ತೀರಿಕೊಂಡದ್ದು 1994ರಲ್ಲಿ. ನಮ್ಮ ಕಾಯಿದೆಯ ಪ್ರಕಾರ ಲೇಖಕನ ಮರಣಾನಂತರ 60 ವರ್ಷ ಕೃತಿಸ್ವಾಮ್ಯ ಉಳಿಯುವುದರಿಂದ ಅವರ ಕೃತಿಗಳು ಸಾರ್ವಜನಿಕ ಸ್ವತ್ತಾಗುವುದು 2054 ಕಳೆದ ಮೇಲೆ. ಅಲ್ಲಿಯ ತನಕ ಅಪ್ಪಣೆಯಿಲ್ಲದೆ ಅವನ್ನು ಅನಾಮಿಕವಾಗಿ ಹಂಚುವವನ ಮರೆಯಲ್ಲಿ ನಾನು ಯಾವ ಸ್ವಾತಂತ್ರ್ಯಪ್ರೇಮವನ್ನೂ ಕಾಣಲಾರೆ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಕಟ್ಟಿದ ಅಕ್ಷರ ಪ್ರಕಾಶನದಂಥವು ಪುಸ್ತಕ ಮಾರಿ ಬಂದ ದುಡ್ಡಿನಿಂದ ಮತ್ತೊಂದು ಪುಸ್ತಕ ತರುವ ಸಂಸ್ಥೆಗಳೆಂಬುದನ್ನು ಈ ಸೀಮೆಯವರಿಗೆ ಬೇರೆ ಹೇಳಬೇಕೆ? ಅದೇ ಕೆಳದಿಯ ಓಲೆಗಳ ಛಾಯಾಪ್ರತಿಗಳು, ಹುಂಚದ ಶಾಸನಗಳ ಪಡಿಯಚ್ಚುಗಳು, ಕೃತಿಸ್ವಾಮ್ಯ ಮುಗಿದ ಹಳೆಯ ಕನ್ನಡ ಗ್ರಂಥಗಳು, ಮೇಳದವರ ಒಪ್ಪಿಗೆಯಿಂದ ಹಿಡಿದಿಟ್ಟ ಆಟಗಳು, ಇವಕ್ಕೆ ಯಾವ ಮರೆಯೂ ಬೇಡ. ನೇರವಾದ, ಹೆಸರುಳ್ಳ, ಶೀಘ್ರವಾದ ಟೊರೆಂಟೇ ಯೋಗ್ಯ. ಇಂಟರ್ನೆಟ್ ಆರ್ಕೈವ್ ಸಂಸ್ಥೆ ತನ್ನ ಭಂಡಾರದ ಹತ್ತು ಲಕ್ಷಕ್ಕೂ ಮಿಕ್ಕ ವಸ್ತುಗಳನ್ನು 2012ರಿಂದಲೇ ಹೀಗೆ ಟೊರೆಂಟಾಗಿಯೂ ಕೊಡುತ್ತ ಬಂದಿದೆ. ಕನ್ನಡದ ಹಳೆಯ ಪುಸ್ತಕಗಳು ಅಲ್ಲಿ ಹೇರಳವಾಗಿವೆ. ಸಾಗರದ ಒಂದು ಕಾಲೇಜು, ಹೊಸನಗರದ ಒಂದು ಗ್ರಂಥಾಲಯ, ತೀರ್ಥಹಳ್ಳಿಯ ಒಂದು ಮನೆ, ಈ ಮೂರೂ ಒಂದೊಂದು ಪ್ರತಿಯನ್ನಿಟ್ಟುಕೊಂಡು ಹಗಲಿರುಳು ಹಂಚುತ್ತಿದ್ದರೆ, ದೂರದ ಭಂಡಾರಕ್ಕೆ ಏನಾದರೂ ಇಲ್ಲಿ ಗ್ರಂಥ ಉಳಿಯುತ್ತದೆ.

ಮರೆ ಬೇಕಾದದ್ದು ಬೇರೆ. ಹೊಳೆಯಲ್ಲಿ ರಾತ್ರಿ ಮರಳೆತ್ತುವುದನ್ನು ಕಂಡು ಚಿತ್ರ ತೆಗೆದವನು, ಕಚೇರಿಯ ಲಂಚದ ಕಾಗದವನ್ನು ಕೈಯಲ್ಲಿಟ್ಟುಕೊಂಡ ಗುಮಾಸ್ತೆ, ಮನೆಯವರಿಗೆ ತಿಳಿಯದಂತೆ ತನ್ನ ಕಾಯಿಲೆಯ ವಿಚಾರ ಓದಬೇಕಾದ ಹೆಣ್ಣುಮಗಳು, ಇವರು ಕಳಿಸುವುದೂ ಪಡೆಯುವುದೂ ಗಾತ್ರದಲ್ಲಿ ಅತ್ಯಲ್ಪ. ಒಂದು ಚಿತ್ರಕ್ಕೆ, ನಾಲ್ಕು ಪುಟಕ್ಕೆ ಏಳುಪಟ್ಟು ಹೊತ್ತು ಹಿಡಿದರೂ ಅದು ಕೆಲವು ನಿಮಿಷದ ಮಾತು. ವೇಗಕ್ಕೂ ಮರೆಗೂ ಇರುವ ವಿರೋಧ ದೊಡ್ಡ ಫೈಲುಗಳಲ್ಲಿ ಎಷ್ಟು ಕ್ರೂರವೋ ಸಣ್ಣ ಫೈಲುಗಳಲ್ಲಿ ಅಷ್ಟೇ ಸೌಮ್ಯ. ಇವರಿಗಿರುವ ಕೊರತೆ ವೇಗದ್ದಲ್ಲ, ಗುಂಪಿನದು. ಮರೆಸಿಡುವುದೇನೂ ಇಲ್ಲದವರು ತಮ್ಮ ಪಾಡಿಗೆ ನೇರ ದಾರಿಯಲ್ಲಿ ಹೋಗಿ, ಮರೆ ಬೇಕಾದವರು ಮಾತ್ರ ಸುತ್ತುದಾರಿ ಹಿಡಿದರೆ, ಸುತ್ತುದಾರಿಯಲ್ಲಿ ಕಂಡವರೆಲ್ಲ ಶಂಕಿತರಾಗುತ್ತಾರೆ. ಆದ್ದರಿಂದ ಅಡಿಕೆಯ ಧಾರಣೆ ನೋಡುವವನೂ ಪತ್ರಿಕೆ ಓದುವವನೂ ಆಗಾಗ ಟಾರ್ ಮೂಲಕವೇ ಹೋಗಿಬರುವುದು, ತನಗಾಗಿ ಅಲ್ಲದಿದ್ದರೂ, ಅದೇ ಟವರಿನ ಕೆಳಗಿರುವ ಆ ಇನ್ನೊಬ್ಬರಿಗೆ ಮಾಡುವ ಉಪಕಾರ. ಅದಕ್ಕೆ ಬೇಕಾದ ತ್ಯಾಗ ಪುಟ ತೆರೆಯಲು ಹಿಡಿಯುವ ಕೆಲವು ಸೆಕೆಂಡುಗಳು. ಟೊರೆಂಟನ್ನೇ ಮರೆಯಲ್ಲಿ ಸಾಗಿಸಬೇಕಾದ ಅಗತ್ಯ ಬಂದವರಿಗೆ ತಕ್ಕದ್ದು ಐ2ಪಿ, ಅಲ್ಲಿ ಭಾರ ಹಾಕಿದವರೇ ಭಾರ ಹೊರುವುದರಿಂದ.

ಹೀಗೆ ಉಪಕಾರ ಮಾಡಲು ಪೇಟೆಯವರಿಗೆ ಇನ್ನೊಂದು ದಾರಿಯೂ ಉಂಟು. ಪೇಟೆಯಲ್ಲಿ ಈಗ ಫೈಬರ್ ಬಂದಿದೆ, ಮನೆಮಂದಿ ಮಲಗಿದ ಮೇಲೆ ಅದು ಬೆಳಗಿನ ತನಕ ಸುಮ್ಮನೆ ಬಿದ್ದಿರುತ್ತದೆ. ಟಾರ್ ಸಂಸ್ಥೆಯ ಸ್ನೋಫ್ಲೇಕ್ ಎಂಬ ಸಣ್ಣ ಸಲಕರಣೆಯನ್ನು ಬ್ರೌಸರಿನಲ್ಲಿ ಕೂರಿಸಿಕೊಂಡರೆ, ಟಾರ್ ನಿರ್ಬಂಧಿತವಾಗಿರುವ ದೇಶಗಳವರಿಗೆ ಆ ಜಾಲದೊಳಕ್ಕೆ ಹೋಗುವ ಬಾಗಿಲಾಗಿ ಅದು ಕೆಲಸಮಾಡುತ್ತದೆ. 2021ರ ಡಿಸೆಂಬರಿನಲ್ಲಿ ರಷ್ಯವು ಟಾರನ್ನು ತಡೆದಾಗಲೂ, ಮರುವರ್ಷ ಇರಾನಿನಲ್ಲಿ ಚಳವಳಿ ಎದ್ದಾಗಲೂ ಲೆಕ್ಕವಿಲ್ಲದಷ್ಟು ಜನ ಒಳಹೊಕ್ಕದ್ದು ಇಂಥ ಬಾಗಿಲುಗಳಿಂದಲೇ. ಅವರು ಕೊನೆಗೆ ಮುಟ್ಟುವ ತಾಣಕ್ಕೆ ಕಾಣುವುದು ಕಡೆಯ ರಿಲೇಯ ವಿಳಾಸವಾದ್ದರಿಂದ, ಬಾಗಿಲು ಕೊಟ್ಟ ಮನೆಯ ವಿಳಾಸ ಅಲ್ಲಿಗೆ ತಲುಪುವುದೇ ಇಲ್ಲ. ಐ2ಪಿ ಹಾಕಿಕೊಳ್ಳುವವರು ತಮ್ಮ ಸಂಪರ್ಕದ ಎಷ್ಟು ಪಾಲನ್ನು ಇತರರ ಲಕೋಟೆಗಳಿಗೆ ಬಿಡಬೇಕೆಂಬುದನ್ನು ತಾವೇ ನಿಗದಿ ಮಾಡಬಹುದು. ತಿಂಗಳಿಗೆ ಇಂತಿಷ್ಟೇ ಎಂದು ಮಿತಿಯಿರುವ ಡೇಟಾದ ಮೊಬೈಲಿನಲ್ಲಿ ಅದನ್ನು ಕನಿಷ್ಠಕ್ಕೆ ಇಳಿಸುವುದೂ, ಫೈಬರ್ ಇದ್ದಲ್ಲಿ ಧಾರಾಳವಾಗಿ ಬಿಡುವುದೂ ಯುಕ್ತ.